ಚರ್ಚಿನ ಲೆಕ್ಕದಲ್ಲಿ ಭೂಮಿಯ ಪಾಲು

ಮಣ್ಣು, ನೀರು, ಗಾಳಿಗಳನ್ನು ಕಾಪಾಡುವುದು ಧರ್ಮಕಾರ್ಯವೇ, ಅಥವಾ ಸರಕಾರಗಳಿಗೆ ಬಿಡಬೇಕಾದ ಲೌಕಿಕ ವ್ಯವಹಾರವೇ? ಆಂಗ್ಲಿಕನ್ ಚರ್ಚಿನೊಳಗೆ ಈ ಪ್ರಶ್ನೆ ಮೂರು ದಶಕಗಳಿಗೂ ಮಿಕ್ಕಿ ಚರ್ಚೆಯಲ್ಲಿದೆ.

1984ರಲ್ಲಿ ಆಂಗ್ಲಿಕನ್ ಸಲಹಾ ಮಂಡಳಿಯು ಚರ್ಚಿನ ಸೇವೆಗೆ ನಾಲ್ಕು ಲಕ್ಷಣಗಳನ್ನು ಹೇಳಿತು: ಸುವಾರ್ತೆಯನ್ನು ಸಾರುವುದು, ಹೊಸ ವಿಶ್ವಾಸಿಗಳನ್ನು ಬೆಳೆಸುವುದು, ನೊಂದವರಿಗೆ ನೆರವಾಗುವುದು, ಸಮಾಜದ ಅನ್ಯಾಯವನ್ನು ತಿದ್ದುವುದು. ಸೃಷ್ಟಿಯ ರಕ್ಷಣೆ ಐದನೆಯ ಲಕ್ಷಣವಾಗಿ ಸೇರಿದ್ದು 1990ರಲ್ಲಿ. ಕೊನೆಗೆ ಬಂದ ಈ ಐದನೆಯದು ಮೊದಲ ನಾಲ್ಕಕ್ಕೆ ಸಮಾನವೇ ಎಂಬುದೇ ವಾದದ ಮೂಲ. ಆತ್ಮೋದ್ಧಾರವೇ ಮುಖ್ಯ, ಉಳಿದುದೆಲ್ಲ ಆಮೇಲೆ ಎಂಬುದು ಒಂದು ಪಕ್ಷ. ಆದಿಕಾಂಡದಲ್ಲಿ ಮನುಷ್ಯನಿಗೆ ಜೀವರಾಶಿಯ ಮೇಲೆ ಅಧಿಕಾರ ಕೊಟ್ಟ ಮಾತಿನ ಬೆನ್ನಿಗೇ ತೋಟವನ್ನು ಕಾಯುವ ಹೊಣೆಯ ಮಾತೂ ಇದೆ, ಆದುದರಿಂದ ಮನುಷ್ಯ ಒಡೆಯನಲ್ಲ, ಪಾಲಕ ಎಂಬುದು ಇನ್ನೊಂದು ಪಕ್ಷ.

ತತ್ತ್ವದ ಮಟ್ಟದಲ್ಲಿ ಈ ಎರಡನೆಯ ಪಕ್ಷವೇ ಮೇಲುಗೈ ಪಡೆದಂತಿದೆ. ಆದರೆ ಒಪ್ಪಿದ ಮಾತಿಗೆ ಬೆಲೆ ತೆರುವ ಹೊತ್ತಿಗೆ ಕಷ್ಟ ತಲೆದೋರಿತು. 2020ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಚರ್ಚಿನ ಮಹಾಸಭೆಯ ಮುಂದೆ, ಇಂಗಾಲದ ಹೊರಸೂಸುವಿಕೆಯನ್ನು 2045ರೊಳಗೆ ನಿವ್ವಳ ಶೂನ್ಯಕ್ಕೆ ಇಳಿಸುವ ಸೂಚನೆ ಬಂದಿತ್ತು. ಸಭೆಯು ಆ ಗಡುವನ್ನು 2030ಕ್ಕೆ ತಂದಿತು. ತಿದ್ದುಪಡಿಯ ಪರವಾಗಿ ಬಿದ್ದ ಮತಗಳು 144, ವಿರುದ್ಧ 129.

ಈ ಅಲ್ಪ ಅಂತರಕ್ಕೆ ಕಾರಣವಿಲ್ಲದಿಲ್ಲ. ಆ ಚರ್ಚಿಗೆ ಸುಮಾರು 16,000 ಪ್ರಾರ್ಥನಾ ಮಂದಿರಗಳಿವೆ. ಬಹುಪಾಲು ಹಳೆಯ ಕಟ್ಟಡಗಳು, ಪಾರಂಪರಿಕವೆಂದು ಕಾನೂನಿನ ರಕ್ಷಣೆ ಪಡೆದವು. ಚಳಿಗಾಲದಲ್ಲಿ ಅವುಗಳನ್ನು ಬೆಚ್ಚಗಿಡಲು ಅನಿಲವೋ ಎಣ್ಣೆಯೋ ಉರಿಯಬೇಕು. ಬೆರಳೆಣಿಕೆಯ ಭಕ್ತರಿರುವ ಹಳ್ಳಿಯ ಸಭೆ ಸೋರುವ ಮಾಡನ್ನು ಸರಿಪಡಿಸಬೇಕೋ, ಹೊಸ ಶಾಖಯಂತ್ರ ಕೊಳ್ಳಬೇಕೋ? ಪ್ರಶ್ನಿಸಿದವರೆಲ್ಲ ಪರಿಸರದ ವಿರೋಧಿಗಳಲ್ಲ.

ಇನ್ನೊಂದು ವಾದ ಬಂಡವಾಳದ್ದು. ತೈಲ ಕಂಪೆನಿಗಳ ಷೇರುಗಳನ್ನು ಇಟ್ಟುಕೊಂಡು ಒಳಗಿನಿಂದಲೇ ಅವುಗಳನ್ನು ತಿದ್ದಬಹುದೆಂದು ಚರ್ಚಿನ ಹಣಕಾಸು ಆಯುಕ್ತರು ವರ್ಷಗಳ ಕಾಲ ನಂಬಿದ್ದರು. ಮಾರಿ ಹೊರಬರುವುದೇ ಪ್ರಾಮಾಣಿಕತೆಯೆಂದು ವಿರೋಧಿಗಳು ಪಟ್ಟು ಹಿಡಿದರು. 2023ರ ಜೂನ್‌ನಲ್ಲಿ ಆಯುಕ್ತರು, ಕಂಪೆನಿಗಳ ನಡೆ ಸಾಲದೆಂದು ಹೇಳಿ, ಷೆಲ್, ಬಿ.ಪಿ. ಮೊದಲಾದ ದೊಡ್ಡ ಕಂಪೆನಿಗಳಿಂದಲೂ ಹೊರಬರುವ ನಿರ್ಧಾರ ಪ್ರಕಟಿಸಿದರು. ಆಗ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆಗಿದ್ದ ಜಸ್ಟಿನ್ ವೆಲ್ಬಿ ಪಾದ್ರಿಯಾಗುವ ಮೊದಲು ತೈಲೋದ್ಯಮದಲ್ಲಿ ದುಡಿದವರು!

ಇಂಗ್ಲೆಂಡಿನಲ್ಲಿ ಇದು ಆಯವ್ಯಯದ ಪ್ರಶ್ನೆಯಾದರೆ, ಇದೇ ಆಂಗ್ಲಿಕನ್ ಬಳಗದ ಮೆಲನೇಷಿಯಾ ಚರ್ಚಿಗೆ ಅಳಿವು ಉಳಿವಿನ ಪ್ರಶ್ನೆ. ಸಾಲೊಮನ್ ದ್ವೀಪಗಳ ತಗ್ಗು ತೀರಗಳನ್ನು ಏರುವ ಕಡಲು ಕೊರೆಯುತ್ತಿದೆ. ಹೆಚ್ಚು ಉರಿಸಿದವರು ಒಂದೆಡೆ, ನೆಲ ಕಳೆದುಕೊಳ್ಳುವವರು ಇನ್ನೊಂದೆಡೆ. ಒಂದೇ ಪ್ರಾರ್ಥನೆ ಇಬ್ಬರನ್ನೂ ಬೆಸೆದಿದೆ.

1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಇದೇ ಬಳಗದ ಸದಸ್ಯ. ಅದರ 'ಹಸಿರು ಶಾಲೆ' ಕಾರ್ಯಕ್ರಮದಲ್ಲಿ ನೀರು, ವಿದ್ಯುತ್ತು, ಕಸಗಳ ಲೆಕ್ಕ ನೋಡುವುದೇ ಪಾಠ. ಮಹಾಸಭೆಗಳು ವರ್ಷಗಟ್ಟಲೆ ವಾದಿಸಿ ಕಲಿತದ್ದೂ ಇದನ್ನೇ: ಭೂಮಿಯ ಮೇಲಿನ ಭಕ್ತಿ ಸ್ತೋತ್ರದಲ್ಲಿ ಅಲ್ಲ, ಖರ್ಚಿನ ಪುಸ್ತಕದಲ್ಲಿ ಕಾಣಿಸಬೇಕು.