ಹೆಬ್ಬೆರಳಗಲದ ಸಿಲಿಂಡರು

ಹನೂರು ದಾಟಿ ತಾಳಬೆಟ್ಟಕ್ಕೆ ಬಂದರೆ ಮಲೆ ಮಹದೇಶ್ವರ ಬೆಟ್ಟದ ಘಾಟಿ ಶುರು. ಹತ್ತುವಾಗ ಪರೀಕ್ಷೆ ಎಂಜಿನ್ನಿಗೆ, ಇಳಿಯುವಾಗ ಬ್ರೇಕಿಗೆ. ‘ಹತ್ತಿದ ಗೇರಿನಲ್ಲೇ ಇಳಿ’ ಎಂಬುದು ಚಾಲಕರ ನಡುವಿನ ಹಳೇ ಮಾತು. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಬರುವವರಿಗೂ ಅದು ಸಲ್ಲುತ್ತದೆ.

ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ‘ಪಯಣ’ ಕಾರು ವಸ್ತುಸಂಗ್ರಹಾಲಯಕ್ಕೆ ಹೋದವರು ಹಳೇ ಕಾರುಗಳ ಬಣ್ಣ, ಕ್ರೋಮ್ ನೋಡಿ ಬೆರಗಾಗುತ್ತಾರೆ. ಆದರೆ ಅಂಥ ಕಾರೊಂದು ಘಾಟಿ ಇಳಿಯಬೇಕಾದರೆ ಮೊದಲು ಬಿಚ್ಚಬೇಕಾದ್ದು ಕಣ್ಣಿಗೇ ಬೀಳದ ಬ್ರೇಕ್, ಕ್ಲಚ್ ಸಿಲಿಂಡರುಗಳನ್ನು.

1962ರ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನೇ ತೆಗೆದುಕೊಳ್ಳಿ. ನಮಗದು ದೂರದ ನೆಂಟನೇ. ಹೆರಾಲ್ಡ್ ಕಾರಿನ ಚಾಸಿಯನ್ನೇ ಆಧಾರವಾಗಿಟ್ಟು ಕಟ್ಟಿದ್ದು; ಆ ಹೆರಾಲ್ಡ್ 1961ರಿಂದ ಮದರಾಸಿನಲ್ಲಿ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಆಗಿ ತಯಾರಾಯಿತು. ಎರಡಕ್ಕೂ ರೂಪ ಕೊಟ್ಟವನು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ.

ಪೆಡಲ್ ತುಳಿದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಬ್ರೇಕ್ ಆಯಿಲನ್ನು ಪೈಪಿನೊಳಗೆ ತಳ್ಳುತ್ತದೆ. ಆ ಒತ್ತಡಕ್ಕೆ ಚಕ್ರದ ಬಳಿಯ ಪಿಸ್ಟನ್ ಸರಿದು ಬ್ರೇಕ್ ಹಿಡಿಯುತ್ತದೆ. ಕ್ಲಚ್ಚಿಗೂ ಇದೇ ಏರ್ಪಾಟು. ಹೆಸರಿಗೆ ಆಯಿಲ್, ಆದರೆ ಎಣ್ಣೆಯಲ್ಲ. ಗಾಳಿಯ ತೇವ ಹೀರುವುದೇ ಅದರ ಚಾಳಿ. ಡಾಟ್ 4 ದರ್ಜೆಯದ್ದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದು ಅದು ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ. ದ್ರವದಂತಲ್ಲ ಆವಿ, ಒತ್ತಿದರೆ ಕುಗ್ಗುತ್ತದೆ. ಪೆಡಲ್ ಸೀದಾ ನೆಲಕ್ಕೆ.

ಇನ್ನು ಶೆಡ್ಡಿನಲ್ಲಿ ಸುಮ್ಮನೆ ನಿಂತ ಕಾರು. ಓಡಿದ್ದಕ್ಕಿಂತ ನಿಂತು ಕೆಟ್ಟದ್ದೇ ಹೆಚ್ಚು. ಅದೇ ತೇವ ಎರಕದ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಪಿಸ್ಟನ್ನಿನ ರಬ್ಬರ್ ಕಪ್ ಅಂಟಿಕೊಳ್ಳುತ್ತದೆ, ಕ್ಲಚ್ ಬಿಡದೆ ಗೇರ್ ಬೀಳುವುದಿಲ್ಲ.

ಬಿಚ್ಚಿದಾಗ ಒಳಗಿಂದ ಬರುವುದು ಕಂದು ಕೆಸರು. ತೊಳೆಯಲು ಸ್ಪಿರಿಟ್ಟೇ ಬೇಕು. ಪೆಟ್ರೋಲ್, ಸೀಮೆಎಣ್ಣೆ ಸೋಕಿದರೆ ರಬ್ಬರ್ ಊದಿಕೊಳ್ಳುತ್ತದೆ. ಒಣಗಿಸಿ, ಒಳಗೋಡೆಯ ಮೇಲೆ ಉಗುರು ಆಡಿಸುತ್ತಾರೆ. ಬರೀ ಕಲೆಯಿದ್ದರೆ ಹೋನಿಂಗ್, ಅಂದರೆ ಸಾಣೆಕಲ್ಲಿನಿಂದ ನಯವಾಗಿ ಉಜ್ಜುವುದು, ಸಾಕು. ಉಗುರು ಗುಳಿಗೆ ಸಿಕ್ಕಿದರೆ ಲೇತಿನ ಕೆಲಸ: ಒಳಗನ್ನು ದೊಡ್ಡದಾಗಿ ಕೊರೆದು, ಹಿತ್ತಾಳೆ ಇಲ್ಲವೇ ಸ್ಟೀಲಿನ ಲೈನರ್ ಬಿಗಿಯಾಗಿ ಕೂರಿಸಿ, ಮತ್ತೆ ಮೂಲ ಅಳತೆಗೆ ತರಬೇಕು. ಆಗಲೇ ಅಂಗಡಿಯ ರಬ್ಬರ್ ಕಿಟ್ ಸರಿಹೊಂದುವುದು.

ಕಸುಬಿನ ಕೈ ಗೊತ್ತಾಗುವುದು ಇನ್ನೂ ಮುಂದೆ. ಹಲವು ಮಾಸ್ಟರ್ ಸಿಲಿಂಡರುಗಳಲ್ಲಿ ಸೂಜಿ ಮೊನೆಯಷ್ಟು ತೂತೊಂದಿರುತ್ತದೆ. ಕಾಲು ತೆಗೆದ ಮೇಲೆ ಹೆಚ್ಚುವರಿ ಆಯಿಲ್ ಅದರ ಮೂಲಕ ಡಬ್ಬಿಗೆ ಮರಳಬೇಕು. ಲೈನರ್ ಅದನ್ನು ಮುಚ್ಚಿಬಿಟ್ಟಿರುತ್ತದೆ. ಅದೇ ಜಾಗದಲ್ಲಿ ಮತ್ತೆ ಕೊರೆಯಬೇಕು. ಮರೆತರೆ ಬ್ರೇಕ್ ಬಿಡುವುದೇ ಇಲ್ಲ. ಅಂಚಿನ ಮುಳ್ಳು ಸವರದೆ ಬಿಟ್ಟರೆ ಹೊಸ ಕಪ್ಪನ್ನೇ ಕೊಯ್ದುಹಾಕುತ್ತದೆ.

ಕೊನೆಗೆ ಬ್ಲೀಡಿಂಗ್, ಪೈಪಿನೊಳಗಿನ ಗಾಳಿ ಹೊರಹಾಕುವ ಕೆಲಸ. ಒಬ್ಬ ಸೀಟಿನಲ್ಲಿ, ಒಬ್ಬ ಅಡಿಯಲ್ಲಿ. “ಪಂಪ್ ಮಾಡಿ ಹಿಡಿ… ಬಿಡಬೇಡ!” ನಿಪ್ಪಲ್ ಅರೆತಿರುವು ತೆರೆದರೆ ರಬ್ಬರ್ ಕೊಳವೆಯಿಂದ ಬಾಟಲಿಗೆ ಗುಳ್ಳೆ. ಮತ್ತೊಮ್ಮೆ. ಮಗದೊಮ್ಮೆ. ಗುಳ್ಳೆ ನಿಂತು ಪೆಡಲ್ ಕಾಲಿಗೆ ಗಟ್ಟಿ ಸಿಕ್ಕಿದ ಮೇಲೂ ತಾಳಬೆಟ್ಟಕ್ಕೆ ಅವಸರವಿಲ್ಲ. ಕೊಳ್ಳೇಗಾಲದ ಸಮತಟ್ಟು ರಸ್ತೆಯಲ್ಲಿ ಮೊದಲು ನಾಲ್ಕು ಸಲ ನಿಲ್ಲಿಸಿ ನೋಡಬೇಕು.