ಹಳೆಯ ದೋಣಿ ಹಾಗೂ ಔಟ್‌ಬೋರ್ಡ್ ಎಂಜಿನ್‌ಗಳ ವ್ಯಾಪಾರ: ಲಾಭದ ನಿಜವಾದ ಲೆಕ್ಕ

ಮಂಗಳೂರು, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರಗಳಂಥ ಮೀನುಗಾರಿಕಾ ಕೇಂದ್ರಗಳ ಸುತ್ತಮುತ್ತ ಹಳೆಯ ಸಣ್ಣ ದೋಣಿಗಳನ್ನು ಮತ್ತು ಔಟ್‌ಬೋರ್ಡ್ ಎಂಜಿನ್‌ಗಳನ್ನು ಕೊಂಡು, ದುರಸ್ತಿ ಮಾಡಿ, ಮರುಮಾರಾಟ ಮಾಡುವ ವ್ಯವಹಾರ ನಡೆಯುತ್ತ ಬಂದಿದೆ. ಹೊಸ ದೋಣಿಗೆ ಬಂಡವಾಳ ಹೂಡಲಾಗದ ಮೀನುಗಾರನಿಗೆ ಇದು ಆಸರೆ. ಫೈಬರ್ ಕೆಲಸಗಾರರಿಗೂ ಎಂಜಿನ್ ಮೆಕ್ಯಾನಿಕ್‌ಗಳಿಗೂ ಉದ್ಯೋಗ. ಆದರೆ ಈ ವ್ಯಾಪಾರದಲ್ಲಿ ತೊಡಗಿದ ಅನೇಕರು ಮಾರಾಟದ ಬೆಲೆಯಿಂದ ಖರೀದಿ ಮತ್ತು ದುರಸ್ತಿಯ ವೆಚ್ಚವನ್ನಷ್ಟೇ ಕಳೆದು, ಉಳಿದದ್ದನ್ನೆಲ್ಲ ಲಾಭವೆಂದು ಭಾವಿಸುತ್ತಾರೆ. ಕಾಲದ ವೆಚ್ಚ, ತೆರಿಗೆ ಮತ್ತು ಕಾಗದಪತ್ರಗಳ ಕೊರತೆ ಈ ಲಾಭವನ್ನು ಹೇಗೆ ಕರಗಿಸುತ್ತವೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಖರೀದಿಗೆ ಮುನ್ನ ಪರೀಕ್ಷೆ

ಫೈಬರ್ ದೋಣಿಯ ಹೊರಮೈಗೆ ಬಳಿದ ಹೊಸ ಬಣ್ಣ ಒಳಗಿನ ದೋಷವನ್ನು ಮರೆಮಾಡಬಲ್ಲದು. ದೋಣಿಯ ಮೈಯನ್ನು ಉದ್ದಕ್ಕೂ ತಟ್ಟಿ ನೋಡಿದಾಗ ಗಟ್ಟಿ ಸದ್ದಿನ ನಡುವೆ ಮಂಕು ಸದ್ದು ಕೇಳಿಬಂದರೆ ಅಲ್ಲಿ ಪದರಗಳು ಬಿಟ್ಟಿರುವ ಸಂಭವವಿದೆ. ನೀರಿನ ಮಟ್ಟಕ್ಕಿಂತ ಕೆಳಗಿನ ಗುಳ್ಳೆಗಳು ತೇವ ಒಳಸೇರಿರುವುದನ್ನು ಸೂಚಿಸುತ್ತವೆ. ಎಲ್ಲಕ್ಕಿಂತ ಮುಖ್ಯವಾದುದು ಎಂಜಿನ್ ಕೂರಿಸುವ ಹಿಂಬದಿಯ ಹಲಗೆ. ಫೈಬರ್ ಹೊದಿಕೆಯ ಒಳಗೆ ಪ್ಲೈವುಡ್ ಇರುವ ದೋಣಿಗಳಲ್ಲಿ ಬೋಲ್ಟ್ ರಂಧ್ರಗಳ ಮೂಲಕ ನೀರು ಇಳಿದು ಅದು ಕೊಳೆಯುತ್ತದೆ. ಎಂಜಿನ್ನನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಹಲಗೆಯೂ ಬಾಗಿದರೆ ದುರಸ್ತಿಯ ವೆಚ್ಚ ಅಂದಾಜನ್ನು ಮೀರುವುದು ನಿಶ್ಚಿತ.

ಎಂಜಿನ್ ವಿಷಯದಲ್ಲಿ ಉಪ್ಪುನೀರೇ ಮುಖ್ಯ ಶತ್ರು. ಎಂಜಿನ್ನನ್ನು ನೀರಿನಲ್ಲಿಟ್ಟು ಚಾಲೂ ಮಾಡಿದಾಗ ತಂಪುಗೊಳಿಸುವ ನೀರಿನ ಧಾರೆ ಹೊರಬರದಿದ್ದರೆ ನೀರಿನ ಪಂಪಿನ ಇಂಪೆಲ್ಲರ್ ಸವೆದಿರಬಹುದು. ಇಲ್ಲವೇ ನೀರಿನ ಮಾರ್ಗಗಳಲ್ಲಿ ಉಪ್ಪು ಕಟ್ಟಿಕೊಂಡಿರಬಹುದು. ಮೊದಲನೆಯದು ಅಲ್ಪ ವೆಚ್ಚದ ಕೆಲಸ, ಎರಡನೆಯದು ದೊಡ್ಡದು. ಗೇರ್ ಎಣ್ಣೆ ಹಾಲಿನಂತೆ ಬಿಳಿಚಿಕೊಂಡಿದ್ದರೆ ಸೀಲ್ ಹೋಗಿ ನೀರು ಒಳನುಗ್ಗಿದೆ ಎಂದರ್ಥ. ಸಿಲಿಂಡರ್‌ಗಳ ಒತ್ತಡವನ್ನು ಅಳೆದಾಗ ಒಂದಕ್ಕೂ ಇನ್ನೊಂದಕ್ಕೂ ಹೆಚ್ಚಿನ ಅಂತರ ಕಂಡುಬಂದರೆ ಅಂಥ ಎಂಜಿನ್‌ಗೆ ಬಿಡಿಭಾಗಗಳ ಬೆಲೆಯಷ್ಟನ್ನೇ ನೀಡುವುದು ಲೇಸು.

ಕಾಗದಪತ್ರಗಳೂ ಬೆಲೆಯ ಅಂಗ

ದೋಣಿಯ ನೋಂದಣಿ ಮತ್ತು ಪರವಾನಗಿ ಕ್ರಮಬದ್ಧವಾಗಿಲ್ಲದಿದ್ದರೆ ಅದು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಕೊಳ್ಳುವವನಿಗೆ ಪೂರ್ಣ ಪ್ರಯೋಜನ ದೊರೆಯದು. ಮೀನುಗಾರಿಕಾ ದೋಣಿಗಳ ನೋಂದಣಿ ಹಾಗೂ ಪರವಾನಗಿಯ ವಿವರಗಳು ರಿಯಲ್‌ಕ್ರಾಫ್ಟ್ ಎಂಬ ಗಣಕ ವ್ಯವಸ್ಥೆಯಲ್ಲಿ ದಾಖಲಾಗುತ್ತವೆ. ಕರ್ನಾಟಕ ಸಮುದ್ರ ಮೀನುಗಾರಿಕೆ (ನಿಯಂತ್ರಣ) ಕಾಯಿದೆ, 1986ರ ಅನ್ವಯ ಮೀನುಗಾರಿಕೆಗೆ ಪರವಾನಗಿ ಅಗತ್ಯ. ಆದುದರಿಂದ ಮುಂಗಡ ಕೊಡುವ ಮುನ್ನ ದೋಣಿಯ ಮೇಲೆ ಬರೆದ ಸಂಖ್ಯೆ, ನೋಂದಣಿ ಪತ್ರದ ಸಂಖ್ಯೆ, ಮಾಲೀಕನ ಹೆಸರು ಹಾಗೂ ಎಂಜಿನ್ ಸಂಖ್ಯೆ ಪರಸ್ಪರ ಹೊಂದಿಕೆಯಾಗುವುದನ್ನು ಖಚಿತಪಡಿಸಿಕೊಳ್ಳಬೇಕು. ಬ್ಯಾಂಕಿನ ಅಥವಾ ಸಹಕಾರ ಸಂಘದ ಸಾಲವಿದ್ದಲ್ಲಿ ಬೇಬಾಕಿ ಪತ್ರ ಪಡೆಯತಕ್ಕದ್ದು. ಸರ್ಕಾರದ ಸಹಾಯಧನದಿಂದ ಕೊಂಡ ದೋಣಿ ಅಥವಾ ಎಂಜಿನ್ ಆಗಿದ್ದರೆ ಮಂಜೂರಾತಿ ಆದೇಶದಲ್ಲಿ ಮರುಮಾರಾಟಕ್ಕೆ ನಿರ್ಬಂಧವಿದೆಯೇ ಎಂಬುದನ್ನು ಓದಿ ನೋಡಬೇಕು.

ಸೀಮೆಎಣ್ಣೆ ಎಂಜಿನ್‌ಗಳ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಅವುಗಳನ್ನು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗಳಿಗೆ ಬದಲಿಸಿಕೊಳ್ಳಲು ತಲಾ 50 ಸಾವಿರ ರೂಪಾಯಿ ಸಹಾಯಧನ ನೀಡುವುದಾಗಿ ರಾಜ್ಯ ಸರ್ಕಾರ 2023-24ನೇ ಸಾಲಿನ ಆಯವ್ಯಯದಲ್ಲಿ ಪ್ರಕಟಿಸಿತು. ಸರ್ಕಾರದ ಒಲವು ಈ ದಿಕ್ಕಿನಲ್ಲಿರುವಾಗ ಹಳೆಯ ಸೀಮೆಎಣ್ಣೆ ಎಂಜಿನ್‌ಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ದಾಸ್ತಾನು ಮಾಡುವುದು ಅಪಾಯಕರ.

ಋತುಮಾನ ಮತ್ತು ಬಂಡವಾಳ

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ವರೆಗೆ, ಅಂದರೆ 61 ದಿನಗಳ ಕಾಲ, ನಿಷೇಧವಿರುತ್ತದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಅಳವಡಿಸಿದ ನಾಡದೋಣಿಗಳಿಗೆ ಮಾತ್ರ ವಿನಾಯಿತಿ ಇದೆ. 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್‌ಗಳಿಗೆ ಈ ಭಾಗದಲ್ಲಿ ಬೇಡಿಕೆ ಇರಲು ಇದೂ ಒಂದು ಕಾರಣ. ಮಳೆಗಾಲದ ನಾಡದೋಣಿ ಮೀನುಗಾರಿಕೆಗೆ ಸಿದ್ಧರಾಗುವವರು ಮೇ ತಿಂಗಳೊಳಗೆ ಖರೀದಿ ಮುಗಿಸಬಯಸುತ್ತಾರೆ. ಮಳೆಗಾಲದ ತೇವದಲ್ಲಿ ರೆಸಿನ್ ಸರಿಯಾಗಿ ಗಟ್ಟಿಯಾಗದ ಕಾರಣ ಫೈಬರ್ ಕೆಲಸವೂ ಅಷ್ಟರೊಳಗೆ ಮುಗಿಯಬೇಕು. ಈ ಅವಧಿ ತಪ್ಪಿದರೆ ಆಗುವ ಪರಿಣಾಮವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು.

ಫೆಬ್ರವರಿ ಆರಂಭದಲ್ಲಿ ವ್ಯಾಪಾರಿಯೊಬ್ಬರು ಎಂಜಿನ್ ಸಹಿತ ದೋಣಿಯೊಂದನ್ನು 1,20,000 ರೂಪಾಯಿಗೆ ಕೊಂಡರೆಂದು ಭಾವಿಸೋಣ. ಫೈಬರ್ ಕೆಲಸಕ್ಕೆ 28,000, ಎಂಜಿನ್ ಬಿಡಿಭಾಗಗಳಿಗೆ 12,000, ಸಾಗಾಣಿಕೆಗೆ 6,000. ಒಟ್ಟು ಹೂಡಿಕೆ 1,66,000 ರೂಪಾಯಿ. ಮೇ ಕೊನೆಯಲ್ಲಿ 1,90,000ಕ್ಕೆ ಮಾರಾಟವಾದರೆ ಕಾಣುವ ಲಾಭ 24,000. ಆದರೆ ಶೇ. 12ರ ದರದಲ್ಲಿ ನಾಲ್ಕು ತಿಂಗಳ ಬಡ್ಡಿ 6,640, ತಿಂಗಳಿಗೆ ಸಾವಿರದಂತೆ ಜಾಗದ ಬಾಡಿಗೆ 4,000, ದಲ್ಲಾಳಿ 4,000 ಕಳೆದರೆ ಉಳಿಯುವುದು 9,360 ಮಾತ್ರ. ಅದೇ ದೋಣಿ ನವೆಂಬರ್ ಕೊನೆಯವರೆಗೆ ಉಳಿದು ಅದೇ ಬೆಲೆಗೆ ಹೋದರೆ, ಹತ್ತು ತಿಂಗಳ ಬಡ್ಡಿ 16,600, ಬಾಡಿಗೆ 10,000, ದಲ್ಲಾಳಿ 4,000 ಸೇರಿ 30,600 ಆಗಿ, 6,600 ರೂಪಾಯಿ ನಷ್ಟವಾಗುತ್ತದೆ. ದೋಣಿ ಅದೇ, ದುರಸ್ತಿ ಅದೇ, ಬೆಲೆಯೂ ಅದೇ. ಬದಲಾದುದು ತಿಂಗಳು ಮಾತ್ರ.

ಸರಕು ಮತ್ತು ಸೇವಾ ತೆರಿಗೆ

8902 ಶೀರ್ಷಿಕೆಗೆ ಸೇರುವ ಮೀನುಗಾರಿಕಾ ದೋಣಿಗೆ ತೆರಿಗೆ ದರ ಶೇ. 5. ಹಳೆಯ ಮೋಟಾರು ವಾಹನಗಳಿಗಾಗಿ ಹೊರಡಿಸಿದ ಪ್ರತ್ಯೇಕ ದರದ ಅಧಿಸೂಚನೆ 87ನೇ ಅಧ್ಯಾಯದ ವಾಹನಗಳಿಗೆ ಸಂಬಂಧಿಸಿದ್ದು; ದೋಣಿಗಳು 89ನೇ ಅಧ್ಯಾಯಕ್ಕೆ ಸೇರಿದವು. ಆದುದರಿಂದ ಹಳೆಯ ಕಾರಿನ ವ್ಯಾಪಾರಿಯ ಲೆಕ್ಕವನ್ನು ದೋಣಿಗೆ ಅನ್ವಯಿಸಲಾಗದು.

ನೋಂದಾಯಿತ ವ್ಯಾಪಾರಿಗೆ ನೆರವಾಗುವುದು 2017ರ ಕೇಂದ್ರ ನಿಯಮಗಳ 32(5)ನೇ ನಿಯಮ. ಹಳೆಯ ವಸ್ತುಗಳನ್ನು ಕೊಂಡು ಮಾರುವವರು ವಸ್ತುವನ್ನು ಇದ್ದ ಹಾಗೆಯೇ, ಅಥವಾ ಅದರ ಸ್ವರೂಪ ಬದಲಾಗದಂತೆ ಅಲ್ಪ ಸಂಸ್ಕರಣೆ ಮಾಡಿ ಮಾರಿದರೆ, ಮಾರಾಟದ ಬೆಲೆ ಮತ್ತು ಖರೀದಿಯ ಬೆಲೆಗಳ ನಡುವಿನ ಅಂತರವೇ ತೆರಿಗೆಗೆ ಒಳಪಡುವ ಮೌಲ್ಯ. ಆ ವಸ್ತುವಿನ ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆದಿರಬಾರದು ಎಂಬುದು ಇದರ ಷರತ್ತು.

ಇಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಈ ಅಂತರದಿಂದ ದುರಸ್ತಿಯ ವೆಚ್ಚವನ್ನು ಕಳೆಯಲು ಅವಕಾಶವಿಲ್ಲ. ಮೇಲಿನ ಉದಾಹರಣೆಯಲ್ಲಿ ತೆರಿಗೆಗೆ ಆಧಾರವಾಗುವ ಅಂತರ 24,000 ಅಲ್ಲ, 70,000. ಎರಡನೆಯದಾಗಿ, ಒಂದು ದೋಣಿಯಲ್ಲಿ ಅಂತರ ಋಣಾತ್ಮಕವಾದರೆ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಅಂದರೆ ಒಂದರ ನಷ್ಟವನ್ನು ಇನ್ನೊಂದರ ಅಂತರದಲ್ಲಿ ವಜಾ ಮಾಡಲಾಗದು. ಮೂರನೆಯದಾಗಿ, ದೋಣಿಯ ಉದ್ದ ಹೆಚ್ಚಿಸುವುದು, ಅದನ್ನು ಬೇರೆ ಬಗೆಯ ದೋಣಿಯಾಗಿ ಮಾರ್ಪಡಿಸುವುದು ಮುಂತಾದವನ್ನು ಅಲ್ಪ ಸಂಸ್ಕರಣೆ ಎಂದು ಸಮರ್ಥಿಸುವುದು ಕಷ್ಟ. ಆಗ ಪೂರ್ಣ ಬೆಲೆಯ ಮೇಲೆ ತೆರಿಗೆ ಬೀಳಬಹುದು.

ಇದರ ಪರಿಣಾಮ ಅಲ್ಪವಲ್ಲ. ಕೊಳ್ಳುವ ಮೀನುಗಾರನಿಗೆ ತೆರಿಗೆಯನ್ನು ಮರಳಿ ಪಡೆಯುವ ದಾರಿ ಇಲ್ಲದಿರುವುದರಿಂದ ಚೌಕಾಶಿಯಲ್ಲಿ ಅದರ ಹೊರೆ ವ್ಯಾಪಾರಿಯ ಮೇಲೆಯೇ ಬೀಳುವುದುಂಟು. 1,90,000 ರೂಪಾಯಿ ತೆರಿಗೆ ಸೇರಿದ ಬೆಲೆಯಾದರೆ, ಬಿಡಿಭಾಗಗಳ ಜಮೆಯನ್ನು ಬದಿಗಿಟ್ಟು ನೋಡಿದಾಗ, ಪೂರ್ಣ ಬೆಲೆಯ ಮೇಲಿನ ತೆರಿಗೆ 9,048; ವ್ಯಾಪಾರಿಗೆ ಉಳಿಯುವುದು 312 ರೂಪಾಯಿ. ಅಂತರದ ಪದ್ಧತಿಯಲ್ಲಿ ತೆರಿಗೆ 3,333; ಉಳಿಯುವುದು 6,027. ನಾಲ್ಕು ತಿಂಗಳ ದುಡಿಮೆಗೆ ಫಲ ಸಿಗುವುದೂ ಸಿಗದಿರುವುದೂ ಸರಿಯಾದ ಖರೀದಿ ದಾಖಲೆಯನ್ನು ಅವಲಂಬಿಸಿದೆ. ಖರೀದಿಯ ಬೆಲೆಯನ್ನು ರುಜುವಾತುಪಡಿಸಲಾಗದವರಿಗೆ ಅಂತರದ ಪದ್ಧತಿಯ ಲಾಭ ದಕ್ಕುವುದಿಲ್ಲ.

ನಗದು ವ್ಯವಹಾರ ಮತ್ತು ಆದಾಯ ತೆರಿಗೆ

ದಕ್ಕೆಯಲ್ಲಿ ನಗದು ವ್ಯವಹಾರ ರೂಢಿಯಾದುದು. ಆದರೆ ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿಗೆ ಮೀರಿ ನಗದಾಗಿ ಪಾವತಿಸಿದ ವ್ಯಾಪಾರದ ವೆಚ್ಚವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಲು ಬಿಡುವುದಿಲ್ಲ. 1961ರ ಕಾಯಿದೆಯ 40ಎ(3)ನೇ ಕಲಮಿನಲ್ಲಿದ್ದ ಈ ನಿರ್ಬಂಧ 2025ರ ಆದಾಯ ತೆರಿಗೆ ಕಾಯಿದೆಯಲ್ಲಿಯೂ ಮುಂದುವರಿದಿದೆ. ಮೀನನ್ನು ಮೀನುಗಾರನಿಂದಲೇ ಕೊಳ್ಳುವಾಗ ಇರುವ ವಿನಾಯಿತಿ ದೋಣಿಗೂ ಎಂಜಿನ್‌ಗೂ ಅನ್ವಯಿಸದು. ಪೂರ್ಣ ಲೆಕ್ಕಪತ್ರ ಇಡುವ ವ್ಯಾಪಾರಿ 1,20,000 ರೂಪಾಯಿಯನ್ನು ಒಂದೇ ದಿನ ನಗದಾಗಿ ಕೊಟ್ಟಿದ್ದರೆ, 6,027 ರೂಪಾಯಿ ಗಳಿಸಿ 1,26,027 ರೂಪಾಯಿಯ ಆದಾಯಕ್ಕೆ ತೆರಿಗೆ ಕಟ್ಟಬೇಕಾದೀತು. ಅಂತೆಯೇ ಒಂದು ವ್ಯವಹಾರಕ್ಕೆ ಸಂಬಂಧಿಸಿ 2 ಲಕ್ಷ ಅಥವಾ ಅದಕ್ಕೂ ಮೀರಿದ ಮೊತ್ತವನ್ನು ನಗದಾಗಿ ಸ್ವೀಕರಿಸುವುದು ನಿಷಿದ್ಧ.

ದೋಣಿಗೊಂದು ಪುಟ

ಇವೆಲ್ಲಕ್ಕೂ ಸರಳ ಪರಿಹಾರವೆಂದರೆ ಪ್ರತಿಯೊಂದು ದೋಣಿಗೂ ಎಂಜಿನ್‌ಗೂ ಲೆಕ್ಕದ ಪುಸ್ತಕದಲ್ಲಿ ಪ್ರತ್ಯೇಕ ಪುಟ ತೆರೆಯುವುದು. ಮಾರಿದವನ ಹೆಸರು, ವಿಳಾಸ, ಸಹಿ ಮಾಡಿದ ರಶೀದಿ, ನೋಂದಣಿ ಹಾಗೂ ಎಂಜಿನ್ ಸಂಖ್ಯೆ, ಬ್ಯಾಂಕ್ ಪಾವತಿಯ ವಿವರ, ದುರಸ್ತಿಯ ಬಿಲ್ಲುಗಳು, ಮಾರಾಟದ ದಿನಾಂಕ ಆ ಪುಟದಲ್ಲಿರಲಿ. ಮಾರ್ಚ್ 31ರಂದು ಉಳಿದಿರುವ ದಾಸ್ತಾನನ್ನು ದುರಸ್ತಿ ಸೇರಿದ ವೆಚ್ಚ ಅಥವಾ ಮಾರಿದರೆ ನಿವ್ವಳವಾಗಿ ಬರಬಹುದಾದ ಮೊತ್ತ, ಇವೆರಡರಲ್ಲಿ ಕಡಿಮೆಯಾದುದರಲ್ಲಿ ನಮೂದಿಸಬೇಕು. ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ಎಂಜಿನ್ನನ್ನು ಕೊಂಡ ಬೆಲೆಗೇ ತೋರಿಸಿದರೆ ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಿದಂತಾಗುತ್ತದೆ.

ಹಳೆಯ ದೋಣಿಯ ವ್ಯಾಪಾರದಲ್ಲಿ ಲಾಭ ಹುಟ್ಟುವುದು ಮಾರುವಾಗ ಅಲ್ಲ, ಕೊಳ್ಳುವಾಗ. ಮೇ ತಿಂಗಳೊಳಗೆ ಮಾರಾಟವಾಗುವ ಭರವಸೆ, ಪರೀಕ್ಷಿಸಿದ ಹಲಗೆ, ಹೊಂದಿಕೆಯಾದ ಕಾಗದಪತ್ರ, ಬ್ಯಾಂಕಿನ ಮೂಲಕ ಪಾವತಿ, ಈ ನಾಲ್ಕೂ ಕೂಡಿಬಂದಾಗ ಮಾತ್ರ ಮುಂಗಡ ಕೊಡುವುದು ವಿವೇಕದ ಮಾರ್ಗ.