ಮಲೆನಾಡಿನ ಮಳೆಗೆ ಬೇರೆ ಟೈರು ಬೇಕೆ?

ಪ್ರಶ್ನೆ: ಜರ್ಮನಿಯಲ್ಲಿರುವ ಮಗ ಚಳಿಗಾಲ ಬಂತೆಂದರೆ ಕಾರಿನ ನಾಲ್ಕೂ ಟೈರು ಬದಲಿಸುತ್ತಾನೆ. ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿರುವ ನಮಗೂ ಅಂಥದ್ದು ಒಳ್ಳೆಯದೆ?

ಉತ್ತರ: ಬೇಡ. ಚಳಿಗಾಲದ ಟೈರಿನ ಗುಟ್ಟು ಅದರ ರಬ್ಬರಿನಲ್ಲಿದೆ. ಉಷ್ಣಾಂಶ 7 ಡಿಗ್ರಿಗಿಂತ ಕೆಳಗಿಳಿದಾಗ ಸಾಮಾನ್ಯ ರಬ್ಬರು ಗಡುಸಾಗಿ ಹಿಡಿತ ಬಿಡುತ್ತದೆ; ಚಳಿಗಾಲದ ಟೈರಿನದು ಮೆತ್ತಗೇ ಉಳಿಯುತ್ತದೆ. ಸಾಗರ, ಹೊಸನಗರದ ಚಳಿ ಕಂಬಳಿ ಕೇಳುತ್ತದೆಯೇ ಹೊರತು ಟೈರನ್ನಲ್ಲ! ಇಲ್ಲಿಯ ಬಿಸಿಲಿಗೆ ಆ ಮೆದು ರಬ್ಬರು ಬೇಗ ಸವೆದೀತು.

ನಮ್ಮ ಶತ್ರು ನೀರು. ಚಕ್ರದಡಿಯ ನೀರನ್ನು ಟೈರಿನ ಗೀರುಗಳು ಆಚೆ ತಳ್ಳಬೇಕು. ತಳ್ಳಲಾಗದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ, ಸ್ಟೀರಿಂಗ್ ಮಾತು ಕೇಳುವುದಿಲ್ಲ. ಕಾನೂನಿನ ಪ್ರಕಾರ ಗೀರಿನ ಆಳ 1.6 ಮಿ.ಮೀ. ಇದ್ದರೆ ಸಾಕು. ಆದರೆ ಹುಲಿಕಲ್ ಘಾಟಿ, ಆಗುಂಬೆ ಘಾಟಿಯ ಮಳೆಗೆ ಅದನ್ನು ನಂಬಲಾರೆ, 3 ಮಿ.ಮೀ.ಗೆ ಇಳಿದಿದ್ದರೆ ಜೂನ್‌ಗೆ ಮುಂಚೆಯೇ ಬದಲಿಸಿ.

ಮನೆಯವರೆಗೆ ಡಾಂಬರಿದ್ದರೆ ಉದ್ದುದ್ದ ಆಳದ ಗೀರುಗಳ ಮಾಮೂಲಿ ಟೈರು ಉತ್ತಮ. ಕೆಸರಿನ ಕಚ್ಚಾ ರಸ್ತೆಯೇ ದಿನದ ಪಾಡಾಗಿದ್ದರೆ ಮಾತ್ರ ದಪ್ಪ ಬಟನ್ನಿನ ‘ಆಲ್ ಟೆರೇನ್’ ಯೋಚಿಸಿ. ಡಾಂಬರಿನ ಮೇಲೆ ಅದಕ್ಕೆ ಸದ್ದು ಹೆಚ್ಚು, ಒದ್ದೆಯಲ್ಲಿ ಬ್ರೇಕ್ ಹಿಡಿತವೂ ತುಸು ಕಡಿಮೆ. ಹಾವಸೆ ಕಟ್ಟಿದ ಏರಿಗೆ ಯಾವ ಟೈರೂ ಮದ್ದಲ್ಲ, ಅದನ್ನು ಕೆರೆದೇ ತೆಗೆಯಬೇಕು.

ಕೊಳ್ಳುವಾಗ ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿ ನೋಡಿ: 2324 ಎಂದರೆ 2024ರ 23ನೇ ವಾರ ತಯಾರಾದದ್ದು. ಎರಡೇ ಕೊಂಡರೆ ಹೊಸವನ್ನು ಹಿಂದಿನ ಚಕ್ರಗಳಿಗೆ ಹಾಕಿಸಿ. ಹಿಂಭಾಗ ಜಾರಿದರೆ ಕಾರು ತಿರುಗಿ ನಿಲ್ಲುತ್ತದೆ.